ಹತ್ತಿಯಣ್ಣನೂ ಗುಡುಗಾಡು ಹಕ್ಕಿಯೂ

ಮೂವತ್ತೊಂದು ವರ್ಷ ಸತ್ತ ಹಕ್ಕಿಗಳ ಹೊಟ್ಟೆಗೆ ಹತ್ತಿ ತುಂಬುತ್ತಾ ಕೂತಿದ್ದ ಮನುಷ್ಯನ ಬಗ್ಗೆ ಬರೆಯುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಕೇಳಿ, ನನಗೇನೂ ಬೇಜಾರಿಲ್ಲ. ಅವರ ಎದುರಿನ ಮೇಜಿನಲ್ಲಿ ಇಪ್ಪತ್ತಾರು ವರ್ಷ ಕೂತು, ಆ ಹಕ್ಕಿಗಳ ಕಾಲಿಗೆ ಕಟ್ಟುವ ಚೀಟಿ ಬರೆದವಳು ನಾನು. ಅವರ ಬಗ್ಗೆ ನಾನಲ್ಲದೆ ಇನ್ಯಾರು ಬರೆಯಬೇಕು? ಅದೂ ಅಲ್ಲದೆ ನನ್ನ ಕೈಯಿಂದ ಒಂದು ತಪ್ಪಾಗಿದೆ. ಅದನ್ನು ಹೇಳಿಕೊಳ್ಳುವವರೆಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ನಮ್ಮದು ಪ್ರಾಣಿಪಕ್ಷಿಗಳ ಮ್ಯೂಸಿಯಂ. ಜನ ಮುಂಬಾಗಿಲಿನಿಂದ ಬಂದು, ಗಾಜಿನ ಹಿಂದೆ ನಿಂತ ಕರಡಿಯನ್ನು ನೋಡಿ, ಜೊತೆಗೆ ಬಂದ ಮಕ್ಕಳನ್ನು ಹೆದರಿಸಿ, ಪಕ್ಕದ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ನಾವಿದ್ದದ್ದು ಕಟ್ಟಡದ ಹಿಂಭಾಗದಲ್ಲಿ, ಒಂದು ಕಡೆ ಪೂರ್ತಿ ಕಿಟಕಿಗಳಿದ್ದ ಉದ್ದನೆಯ ಕೋಣೆಯಲ್ಲಿ. ನುಸಿಗುಳಿಗೆಯ ವಾಸನೆ ಅಲ್ಲಿನ ಗೋಡೆಗೇ ಹಿಡಿದುಹೋಗಿತ್ತು. ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಮೂಗು ಅರಳಿಸಿ ಆಚೀಚೆ ನೋಡುತ್ತಿದ್ದರು. ನಾನೂ ಏನೂ ಗೊತ್ತಿಲ್ಲದವಳ ಹಾಗೆ ಅವರ ಜೊತೆ ಆಚೀಚೆ ನೋಡುತ್ತಿದ್ದೆ.

ಹತ್ತಿಯಣ್ಣನ ಮೇಜು ಕೊನೆಯ ಕಿಟಕಿಯ ಕೆಳಗೆ. ಹಕ್ಕಿ ಬಂದರೆ ಹೊಟ್ಟೆಯ ನಡುವೆ ಒಂದೇ ಗೆರೆ ಕೊಯ್ದು, ಮಲಗಿದ ಮಗುವಿನ ಅಂಗಿ ಬಿಚ್ಚಿದಷ್ಟು ಮೆಲ್ಲಗೆ ಚರ್ಮ ಬಿಚ್ಚಿ, ಒಳಗಿನ ಮಾಂಸ ತೆಗೆದು, ಔಷಧಿ ಸವರಿ, ಕಡ್ಡಿಗೆ ಹತ್ತಿ ಸುತ್ತಿ ಒಳಗಿಟ್ಟು, ಹೊಲಿದು, ಕಾಲೆರಡನ್ನೂ ಸೇರಿಸಿ ಕಟ್ಟಿ ಒಣಗಲು ಮಲಗಿಸುತ್ತಿದ್ದರು. ಆ ಹೊಲಿಗೆ ಎಲ್ಲಿದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಅವರ ಅಂಗಿಯ ಮೇಲೆ, ಹುಬ್ಬಿನ ಮೇಲೆ, ಕೆಲವು ಸಲ ಊಟದ ಡಬ್ಬಿಯೊಳಗೂ ಹತ್ತಿ. ಹಾಜರಿ ಪುಸ್ತಕ, ಚೀಟಿ ಬಿಟ್ಟರೆ ಅವರ ಸ್ವಂತ ಹೆಸರು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ನನ್ನ ಕೆಲಸ ಚೀಟಿಯದು. ಎರಡು ಬೆರಳಗಲದ ಗಟ್ಟಿ ಕಾಗದ, ಒಂದು ತುದಿಗೆ ದಾರ. ಅದರ ಮೇಲೆ ನಂಬರು, ಹಕ್ಕಿಯ ಹೆಸರು, ಸಿಕ್ಕಿದ ಜಾಗ, ತಾರೀಕು, ಗಂಡೋ ಹೆಣ್ಣೋ, ಸಂಗ್ರಹಿಸಿದವರು ಯಾರು. ಇಷ್ಟನ್ನೂ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆಯಬೇಕು. ಚೀಟಿ ಇಲ್ಲದ ಹಕ್ಕಿ ನಮ್ಮಲ್ಲಿ ಕಸ. ಚೀಟಿ ಕಟ್ಟಿಸಿಕೊಂಡದ್ದು ನೂರು ವರ್ಷದ ಆಸ್ತಿ. ಒಂದು ಸಲ ಯಾರೋ ಚೀಟಿ ಕಟ್ಟಿದ ಕಪ್ಪೆಗಳ ಪೆಟ್ಟಿಗೆಯನ್ನು ಅಂಗಳದಲ್ಲಿ ಮರೆತು, ಅದು ಮಳೆಯಲ್ಲಿ ನೆನೆದು ದೊಡ್ಡ ರಾದ್ಧಾಂತವಾಯಿತು. ಅವತ್ತಿನಿಂದ ಒಂದು ಕಟ್ಟುನಿಟ್ಟಿನ ಆದೇಶ. ಚೀಟಿ ಇರುವ ಯಾವ ವಸ್ತು ಹೊರಗೆ ಕಂಡರೂ, ಕಂಡವರು ಅದನ್ನು ಒಳಗೆ ತಂದು ಸಂಬಂಧಪಟ್ಟ ಮೇಜಿನ ಮೇಲೆ ಇಡಬೇಕು. ಆ ಆದೇಶವನ್ನು ದುಂಡಗೆ ಬರೆದು ಗೋಡೆಗೆ ಅಂಟಿಸಿದವಳೂ ನಾನೇ.

ಇನ್ನು ಗುಡುಗಾಡು ಹಕ್ಕಿಯ ವಿಷಯ. ಅದು ಮುಷ್ಟಿಯೊಳಗೆ ಮುಚ್ಚಿಡಬಹುದಾದಷ್ಟು ಚಿಕ್ಕ ಹಕ್ಕಿ. ಒಣಹುಲ್ಲಿನ ಬಣ್ಣ, ಎದೆಯ ಮೇಲೆ ಗೀಟು ಗೀಟು. ಬದುಕೆಲ್ಲ ನೆಲದ ಮೇಲೆಯೇ. ಹಾರುವುದೆಂದರೆ ಅದಕ್ಕೆ ಮಹಾ ಸೋಮಾರಿತನ. ಇನ್ನೇನು ತುಳಿದೇಬಿಟ್ಟೆವು ಅನ್ನುವಾಗ ಪುರ್ರೆಂದು ಎದ್ದು ಹತ್ತು ಮಾರು ಆಚೆ ಬಿದ್ದು ಹುಲ್ಲಿನಲ್ಲಿ ಮಾಯವಾಗುತ್ತದೆ. ನೋಡಿದವರು ಲಾವಕ್ಕಿ ಅನ್ನುತ್ತಾರೆ, ಆದರೆ ಅದಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಇದರ ಕಾಲಿಗೆ ಹಿಂಬೆರಳೇ ಇಲ್ಲ, ಇರುವುದು ಮೂರೇ ಬೆರಳು. ಹುಲ್ಲಿನೊಳಗೆ ಕೂತು ಅದು ಕೂಗಿದರೆ ದೂರದಲ್ಲೆಲ್ಲೋ ಮೋಟಾರ್ ಬೈಕು ಗುಡುಗುಟ್ಟಿದ ಹಾಗೆ ಕೇಳಿಸುತ್ತದೆ. ಅಷ್ಟು ದೊಡ್ಡ ಸದ್ದು ಇಷ್ಟು ಚಿಕ್ಕ ಮೈಯಿಂದ ಬರುತ್ತದೆಂದು ನಂಬುವುದು ಕಷ್ಟ.

ಹದಿನೇಳನೆಯ ಬೀರುವಿನಲ್ಲಿ ಆ ಹಕ್ಕಿಯವೇ ಎರಡು ಡ್ರಾಯರು ತುಂಬ ಇದ್ದವು. ಎಲ್ಲ ಹತ್ತಿಯಣ್ಣನಿಗಿಂತ ಮುಂಚೆ ಆ ಮೇಜಿನಲ್ಲಿದ್ದ ಹಳೇ ಯಜಮಾನರ ಕಾಲದವು. ಯಜಮಾನರು ಬಟ್ಟೆ ನೋಡಿ ಮಣೆ ಹಾಕುವ ಪೈಕಿ. ಮೈ ದಪ್ಪ, ಕತ್ತು ಕಪ್ಪು, ಬಣ್ಣ ಜೋರಾಗಿದ್ದರೆ ಗಂಡು, ಸಣ್ಣಗೆ ಮಂಕಾಗಿದ್ದರೆ ಹೆಣ್ಣು ಎಂದು ಕಣ್ಣುಮುಚ್ಚಿ ಬರೆಸಿದ್ದರು. ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಹತ್ತಿಯಣ್ಣ ಒಂದು ಕಪ್ಪು ಕತ್ತಿನ ಹಕ್ಕಿಯನ್ನು ಕೊಯ್ದರು. ಒಳಗೆ ಇಡುವುದಕ್ಕೆ ತಯಾರಾಗಿದ್ದ ಒಂದು ಮೊಟ್ಟೆ ಇತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮೇಜಿಗೆ ಬಂದು, "ನೋಡಮ್ಮ, ಗಂಡು ಮೊಟ್ಟೆ ಇಡೋ ಕಾಲ ಬಂತು," ಎಂದರು.

ಹಳೆಯ ಹಕ್ಕಿಗಳ ಒಡಲು ಯಾವತ್ತೋ ಕಸದ ಬುಟ್ಟಿಗೆ ಹೋಗಿತ್ತು. ಈಗ ಕೊಯ್ದು ನೋಡೋಣವೆಂದರೆ ಒಳಗಿದ್ದದ್ದು ಹತ್ತಿ ಮಾತ್ರ. ನೋಡದೆ ಬರೆದದ್ದನ್ನು ನೋಡದೆ ತಿದ್ದುವುದೂ ತಪ್ಪು ಎಂದು ಹತ್ತಿಯಣ್ಣ ಪಟ್ಟು ಹಿಡಿದರು. ಕೊನೆಗೆ ನೂರ ಹನ್ನೆರಡು ಚೀಟಿಗಳಲ್ಲಿ ಗಂಡು, ಹೆಣ್ಣು ಎಂದಿದ್ದ ಕಡೆಯೆಲ್ಲ ನನ್ನ ಕೈಯಲ್ಲಿ ಒಂದೊಂದು ಪ್ರಶ್ನೆ ಚಿಹ್ನೆ ಹಾಕಿಸಿದರು. ನನ್ನ ಬಾಯಿ ಮೊದಲೇ ಸರಿಯಿಲ್ಲ. ಮೂರು ದಿನ ಗೊಣಗುತ್ತಾ ಹಾಕಿದೆ.

ಆಮೇಲೆ ಅವರಿಗೆ ಆ ಹಕ್ಕಿಯ ಹುಚ್ಚು ಹತ್ತಿತು. ಹಕ್ಕಿ ತರಲು ಮ್ಯೂಸಿಯಮ್ಮಿನವರು ಊರೂರು ತಿರುಗುವಾಗ ಇವರು ಹುಲ್ಲಿನಲ್ಲಿ ಮೊಣಕಾಲೂರಿ ಕಾಯುತ್ತಿದ್ದರಂತೆ. ತಿಳಿದುಕೊಂಡು ಬಂದದ್ದು ಇಷ್ಟು. ಕೂಗುವುದು ಹೆಣ್ಣು. ಜಾಗಕ್ಕಾಗಿ, ಗಂಡಿಗಾಗಿ ಇನ್ನೊಂದು ಹೆಣ್ಣಿನ ಜೊತೆ ಕಾದಾಡುವುದೂ ಹೆಣ್ಣೇ. ನಾಲ್ಕು ಮೊಟ್ಟೆ ಇಟ್ಟು ಅದು ಹೊರಟುಹೋಗುತ್ತದೆ, ಇನ್ನೊಂದು ಕಡೆ ಇನ್ನೊಬ್ಬ ಜೊತೆಗಾರನನ್ನು ಹುಡುಕಿಕೊಂಡು. ಕಾವು ಕೊಡುವುದು, ಮರಿಗಳನ್ನು ಹಿಂದೆ ಹಾಕಿಕೊಂಡು ತಿರುಗುವುದು, ರೆಕ್ಕೆಯಡಿಯಲ್ಲಿ ಮುಚ್ಚಿಕೊಳ್ಳುವುದು ಎಲ್ಲ ಗಂಡಿನ ಪಾಲು. ಹತ್ತಿಯಣ್ಣ ಕಾವಿಗೆ ಕೂತ ಗಂಡನ್ನು ಒಂದೆರಡು ಸಲ ನೋಡಿದ್ದರು. ಆದರೆ ಮರಿಯಾಗುವ ತನಕ ಯಾವ ಪ್ರವಾಸವೂ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಬದುಕಿದ್ದುದನ್ನು ನೋಡಿದ ಹಕ್ಕಿ ಸಂಜೆಗೆ ಅವರ ಚಾಕುವಿನ ಕೆಳಗಿರುತ್ತಿತ್ತು.

ಇದೆಲ್ಲ ತಿಳಿದ ಮರುವರ್ಷವೇ ಅವರ ಹೆಂಡತಿ ಮನೆ ಬಿಟ್ಟು ಹೋದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ, ಗಟ್ಟಿ ದನಿಯ, ನಕ್ಕರೆ ಬೀದಿಗೆ ಕೇಳಿಸುವ ಹೆಂಗಸು. ಒಂದು ಬೆಳಿಗ್ಗೆ ನಾಲ್ಕು ವರ್ಷದ ಮಗಳಿಗೆ ಜಡೆ ಹಾಕಿ, ಹಾಲು ಕುಡಿಸಿ, ಸೂಟ್‌ಕೇಸು ಹಿಡಿದು ಬೇರೆ ಊರಿಗೆ, ಬೇರೆಯವನ ಮನೆಗೆ ಹೋದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ಹತ್ತಿಯಣ್ಣ ತಲೆಯೆತ್ತದೆ, ಅವಳ ಸುದ್ದಿ ನಿನಗೇಕೆ, ನಿನ್ನ ಕೆಲಸ ನೋಡಿಕೊಳ್ಳಬಾರದೇ ಎಂದರು. ಅವರು ನನ್ನನ್ನು ಗದರಿಸಿದ್ದು ಅದೊಂದೇ ಸಲ.

ಮಗಳು ಸ್ಕೂಲು ಮುಗಿಸಿ ನೇರ ನಮ್ಮ ಕೋಣೆಗೆ ಬರುತ್ತಿದ್ದಳು. ಎರಡು ಮೇಜುಗಳ ನಡುವೆ ಅವಳಿಗೊಂದು ಸ್ಟೂಲು. ನಾನು ಚೀಟಿ ಅತ್ತೆ. ಅಕ್ಷರ ಕಲಿತದ್ದೇ ನನ್ನ ಚೀಟಿಗಳ ಮೇಲೆ. ಅದಕ್ಕೇ ಅವಳ ಕೈಬರಹ ದೊಡ್ಡವಳಾದ ಮೇಲೂ ಇರುವೆ ಸಾಲಿನ ಹಾಗೆ ಉಳಿಯಿತು. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ. ಆ ಸ್ಟೂಲಿನ ಮೇಲೆ ಆ ಮಗು ಬಂದು ಕೂರುವ ಹೊತ್ತಿಗೆ ನಾನು ಗಡಿಯಾರ ನೋಡುತ್ತಿದ್ದೆ ಎಂದು ಹೇಳಿಕೊಳ್ಳುವುದಕ್ಕೆ ಈಗ ನಾಚಿಕೆಯಿಲ್ಲ.

ಅವಳಿಗೆ ಏಳು ವರ್ಷವಾಗಿದ್ದಾಗ ಒಂದು ದಿನ, ಅಮ್ಮ ಯಾಕೆ ಹೋದಳು ಎಂದು ನೇರವಾಗಿ ಕೇಳಿಬಿಟ್ಟಳು. ಹತ್ತಿಯಣ್ಣ ಕೈ ತೊಳೆದುಕೊಂಡು, ಹದಿನೇಳನೆಯ ಬೀರು ತೆಗೆದು, ಡ್ರಾಯರನ್ನು ಅವಳ ಮೊಣಕಾಲ ಮೇಲಿಟ್ಟರು. ಈ ಕಪ್ಪು ಕತ್ತಿನದು ಅಮ್ಮ, ಚೆನ್ನಾಗಿ ಕೂಗುತ್ತಾಳೆ, ಮೊಟ್ಟೆ ಇಟ್ಟು ಹೋಗುತ್ತಾಳೆ. ಈ ಚಿಕ್ಕದು ಅಪ್ಪ, ಅವನು ಕೂತಿರುತ್ತಾನೆ. ಅವಳು ಹೋದದ್ದು ತಪ್ಪಲ್ಲ, ಅವನು ಕೂತದ್ದು ದೊಡ್ಡಸ್ತಿಕೆಯೂ ಅಲ್ಲ, ಕೆಲವರು ಹಾಗಿರುತ್ತಾರೆ, ಅಷ್ಟೇ. ಮಗು ಎರಡನ್ನೂ ಬೆರಳಲ್ಲಿ ಸವರಿ, ಅವಳ ಕತ್ತು ಚೆನ್ನಾಗಿದೆ ಎಂದಿತು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಆ ಕಥೆಯನ್ನು ಅವಳು ಸ್ಕೂಲಿನಲ್ಲಿ ಹೇಳಿದಳು. ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು. ಹಕ್ಕಿಗಳ ಪಾಠ ಮಾಡುತ್ತಿದ್ದ ಟೀಚರು ಇಡೀ ತರಗತಿಯ ಮುಂದೆ ನಕ್ಕು, ತಾಯಿ ಮರಿಗಳನ್ನು ಬಿಟ್ಟು ಹೋಗುವ ಹಕ್ಕಿ ಪ್ರಪಂಚದಲ್ಲೇ ಇಲ್ಲ, ನಿಮ್ಮಪ್ಪ ತಮಾಷೆಗೆ ಹೇಳಿರಬೇಕು ಎಂದರಂತೆ. ಅವಳ ಅಮ್ಮನ ವಿಷಯ ಗೊತ್ತಿದ್ದ ಮಕ್ಕಳು ಸುಮ್ಮನಿರುತ್ತಾರೆಯೇ? ವರ್ಷಗಟ್ಟಲೆ ಕಾಡಿದರು. ಅವಳು ಹಕ್ಕಿಯ ಸುದ್ದಿ ಎತ್ತುವುದನ್ನು ಬಿಟ್ಟಳು. ಸ್ಟೂಲಿನ ಮೇಲೆ ಕೂರುವುದೂ ಕಡಿಮೆಯಾಯಿತು.

ಹದಿನೈದಕ್ಕೆ, ಅಮ್ಮನ ಹತ್ತಿರ ಹೋಗುತ್ತೇನೆ ಎಂದಳು. ಹತ್ತಿಯಣ್ಣ ಬೇಡ ಎನ್ನಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ಬರಿಸಿತು. ನಮ್ಮ ಕೋಣೆಯಲ್ಲೇ, ನನ್ನ ಎದುರಿಗೇ ಹೇಳಿದಳು:

"ಅಮ್ಮನ್ನ ನನ್ನ ಕಣ್ಣಲ್ಲಿ ಸಣ್ಣವಳು ಮಾಡೋಕೆ ಒಂದು ಹಕ್ಕಿ ಕಥೆ ಕಟ್ಟಿದೆ ನೀನು. ಎಲ್ಲೂ ಇಲ್ಲದ ಹಕ್ಕಿ. ಚಿಕ್ಕವಳಲ್ವಾ, ನಂಬ್ತಾಳೆ ಅಂತ."

"ಕಟ್ಟಿಲ್ಲ ಮಗಳೇ," ಎಂದರು ಹತ್ತಿಯಣ್ಣ.

ಅವಳು ಹೋದ ಮೇಲೆ ನಾನು ಅವರ ಜೊತೆ ಜಗಳಕ್ಕೆ ಬಿದ್ದೆ. ಹಕ್ಕಿಗಳ ಪುಸ್ತಕ ತೆಗೆದು ಮುಖಕ್ಕೆ ಹಿಡಿಯಬಾರದಿತ್ತೇ, ಅದರಲ್ಲಿ ಎಲ್ಲ ಬರೆದಿದೆಯಲ್ಲ ಎಂದೆ. ಹಳೇ ಯಜಮಾನರೂ ಬರೆದೇ ಇಟ್ಟಿದ್ದರು, ಬರೆದದ್ದಕ್ಕೆ ಏನು ಬೆಲೆ, ಅವಳು ಕಣ್ಣಾರೆ ನೋಡಬೇಕು ಎಂದರು. ಆಮೇಲೆ ಎಂಟು ವರ್ಷ. ವರ್ಷಕ್ಕೆ ಎರಡೋ ಮೂರೋ ಕಾಗದ. ಓದಿದಳು, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಒಂದು ಸಲವೂ ಬರಲಿಲ್ಲ. ಹತ್ತಿಯಣ್ಣ ಸ್ಟೂಲನ್ನು ಜಾಗ ಬದಲಿಸಲು ಬಿಡಲಿಲ್ಲ. ದಿನಕ್ಕೆರಡು ಸಲ ನಾನು ಅದಕ್ಕೆ ಎಡವುತ್ತಿದ್ದೆ.

ಅವರು ನಿವೃತ್ತಿಯಾಗುವುದಕ್ಕೆ ಒಂದು ತಿಂಗಳಿತ್ತು. ಕಟ್ಟಡದ ಹಿಂದೆ ಒಂದು ಪಾಳು ಅಂಗಳವಿದೆ. ಒಡೆದ ಗಾಜಿನ ಪೆಟ್ಟಿಗೆ, ಮುರಿದ ಕುರ್ಚಿ ಎಲ್ಲ ಅಲ್ಲಿಗೇ. ಮಿಕ್ಕಂತೆ ಮೊಣಕಾಲೆತ್ತರದ ಹುಲ್ಲು. ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅತ್ತ ಹೋದವರು ಡಬ್ಬಿ ಬಿಚ್ಚದೆ ವಾಪಸು ಬಂದರು. ಬಂದವರೇ ನನ್ನ ಕೈ ಹಿಡಿದು ಎಳೆದುಕೊಂಡು ಹೋದರು. ಇಷ್ಟು ವರ್ಷದಲ್ಲಿ ಅವರು ನನ್ನ ಕೈ ಮುಟ್ಟಿದ್ದು ಅದೇ ಮೊದಲು. ಗೋಡೆಯ ಮೂಲೆಯಲ್ಲಿ, ಹುಲ್ಲನ್ನು ಮೇಲೆ ಬಾಗಿಸಿ ಸೂರು ಮಾಡಿದ ಒಂದು ಕುಳಿ. ಒಳಗೆ ಒಂದು ಗುಡುಗಾಡು ಹಕ್ಕಿ ಕೂತು ನಮ್ಮನ್ನೇ ನೋಡುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟ ಕೂಡಲೇ ಇಲಿಯ ಹಾಗೆ ಹುಲ್ಲೊಳಗೆ ನುಸುಳಿತು. ನಾಲ್ಕು ಮೊಟ್ಟೆ, ಬೂದು ಬಣ್ಣ, ತುಂಬ ಕಪ್ಪು ಚುಕ್ಕೆ.

ಅವತ್ತಿನಿಂದ ಅವರು ಅವರಾಗಿ ಉಳಿಯಲಿಲ್ಲ. ಕಾವು ಶುರುವಾದ ದಿನವನ್ನು ಲೆಕ್ಕ ಹಾಕಿ ಕಿಟಕಿಯ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೀಟು ಎಳೆದರು. ಹದಿಮೂರನೆಯ ಗೀಟಿಗೆ ಮರಿ. ಅದು ಭಾನುವಾರ ಬೀಳುತ್ತಿತ್ತು. ಆ ಹಕ್ಕಿಯನ್ನು ಅವರು ಅವನು ಎಂದೇ ಕರೆಯುತ್ತಿದ್ದರು. ಅವನು ಊಟ ಮಾಡಿದ, ಅವನು ಮೊಟ್ಟೆ ತಿರುಗಿಸಿದ. ನಿಮ್ಮ ಅವನಿಗೆ ನನ್ನ ನಮಸ್ಕಾರ ತಿಳಿಸಿ ಎಂದು ನಾನು ಕಾಲೆಳೆಯುತ್ತಿದ್ದೆ. ದಿನ ಕಳೆದ ಹಾಗೆ ಅವನು ಗಟ್ಟಿಯಾಗಿ ಕೂರತೊಡಗಿದ. ಮೊದಲು ಹತ್ತು ಹೆಜ್ಜೆಗೆ ಓಡುತ್ತಿದ್ದವನು ಆಮೇಲೆ ಐದು ಹೆಜ್ಜೆಗೆ, ಆಮೇಲೆ ಒಂದು ಗೇಣಿನ ದೂರಕ್ಕೆ ಬಂದರೂ ಏಳಲಿಲ್ಲ. ಹೆದರಿಕೆಯೇ ಇಲ್ಲವಲ್ಲ ಇದಕ್ಕೆ ಎಂದೆ ನಾನು.

"ಹೆದರಿಕೆ ಇಲ್ಲ ಅಂತ ಯಾರು ಹೇಳಿದ್ದು? ಎದೆ ನೋಡು ಹೇಗೆ ಹೊಡ್ಕೊಳ್ತಿದೆ," ಎಂದರು ಹತ್ತಿಯಣ್ಣ.

ಹತ್ತನೆಯ ಗೀಟಿನ ದಿನ ಆಫೀಸಿನ ಫೋನಿನಿಂದ ಮಗಳಿಗೆ ಮಾತಾಡಿದರು. ಏನೂ ಕೇಳಬೇಡ, ಶನಿವಾರ ಬಾ, ಭಾನುವಾರ ಒಂದು ದಿನ ಇರು, ಆಮೇಲೆ ಜನ್ಮದಲ್ಲಿ ಕರೆಯುವುದಿಲ್ಲ ಎಂದರು. ಹತ್ತಿಯಣ್ಣ ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು. ಕೊನೆಗೆ ಅವಳು ಒಪ್ಪಿದಳು. ಬೆಳಿಗ್ಗೆ ಹನ್ನೊಂದರ ರೈಲು. ಫೋನಿಟ್ಟು ಬಂದವರೇ ಸ್ಟೂಲಿನ ಮೇಲಿನ ಧೂಳು ಒರೆಸಿದರು. ಎಂಟು ವರ್ಷದ ಮಾತು ಒಂದು ಮುಷ್ಟಿ ಹಕ್ಕಿಯ ಮೇಲೆ ನಿಂತಿತ್ತು.

ಗ್ರಹಚಾರ ನೋಡಿ, ಅಂಗಳದ ಹುಲ್ಲು ಕೊಯ್ಯುವವರು ಮೆಷಿನ್ನು ತರುವ ದಿನವೂ ಅದೇ ಶನಿವಾರ. ಹತ್ತಿಯಣ್ಣ ಆಫೀಸಿಗೆ ಹೋಗಿ ಬೇಡಿಕೊಂಡರು. ಮೂಲೆಯನ್ನು ಬಿಡಿಸುತ್ತೇವೆ, ಆದರೆ ಗುರುತಿಗೆ ಏನಾದರೂ ನೆಡಿ ಎಂದರಂತೆ. ಶುಕ್ರವಾರ ಸಂಜೆ ಒಂದು ಕೋಲು ತಂದು ನನ್ನ ಮೇಜಿನ ಮೇಲಿಟ್ಟರು. ಇದಕ್ಕೆ ಕಟ್ಟಲು ಒಂದು ಚೀಟಿ ಬರೆದುಕೊಡು, ಯಾರೂ ಮುಟ್ಟದ ಹಾಗೆ ಎಂದರು.

ಮುಟ್ಟಬೇಡಿ ಎಂದು ದಪ್ಪಗೆ ಬರೆದಿದ್ದರೆ ಆಗುತ್ತಿತ್ತು. ದಾರಿಯಲ್ಲಿ ಹೋಗುವ ಯಾರನ್ನಾದರೂ ಕೇಳಿ, ಹಾಗೇ ಬರೆಯುತ್ತಾರೆ. ಆದರೆ ನಾವು ಆ ಕೋಣೆಯಲ್ಲೇ ಬೆಂದವರು. ಚೀಟಿ ಎಂದರೆ ನನ್ನ ಕೈ ಒಂದೇ ದಾರಿಯಲ್ಲಿ ಹೋಗುತ್ತದೆ. ಹಕ್ಕಿಯ ಹೆಸರು ಬರೆದೆ, ಹಿಂಬದಿ ಅಂಗಳ ಎಂದು ಜಾಗ ಬರೆದೆ, ತಾರೀಕು, ಗಂಡು, ಗೂಡಿನಲ್ಲಿ ನಾಲ್ಕು ಮೊಟ್ಟೆ, ಸಂಗ್ರಹಿಸಿದವರು ಎಂಬಲ್ಲಿ ಅವರ ಹೆಸರು. ನಂಬರಿನ ಜಾಗ ಖಾಲಿ ಬಿಡಲೇ ಎಂದು ಕೇಳಿದೆ.

"ನಂಬರೂ ಹಾಕು," ಎಂದರು. "ನನ್ನ ಕೊನೇ ನಂಬರು. ಒಂದಾದ್ರೂ ಜೀವ ಇರೋದಕ್ಕೆ ಹೋಗ್ಲಿ."

ಹಾಕಿದೆ. ಅವರು ಚೀಟಿಯನ್ನು ದೂರ ಹಿಡಿದು ಪೂರ್ತಿ ಓದಿ, ಸರಿಯಾಗಿದೆ ಎಂದರು. ನನಗೂ ಹೆಮ್ಮೆಯಾಯಿತು. ನಮ್ಮ ಚೀಟಿ ಇರುವ ವಸ್ತುವನ್ನು ಹಾಳು ಮಾಡುವ ಧೈರ್ಯ ಯಾರಿಗಿದೆ ಎಂದುಕೊಂಡೆ. ಗೋಡೆಯ ಮೇಲಿನ ಆದೇಶ ನನ್ನ ನೆತ್ತಿಯ ಮೇಲೇ ಇತ್ತು.

ಶನಿವಾರ ಬೆಳಿಗ್ಗೆ ಹತ್ತಿಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಹೋದರು. ನಾನು ಬೀರುಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನುಸಿಗುಳಿಗೆ ಬದಲಿಸುತ್ತಿದ್ದೆ. ಹೊರಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಹೇಗೂ ಚೀಟಿ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇದ್ದೆ.

ನಮ್ಮಲ್ಲಿ ಮೊಟ್ಟೆಗಳ ವಿಭಾಗಕ್ಕೆ ಒಬ್ಬರು ಮೇಷ್ಟ್ರಿದ್ದರು. ಸಾಧು ಪ್ರಾಣಿ, ಕೆಲಸದಲ್ಲಿ ಒಂದು ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಇಲ್ಲ. ಹಿಂಬಾಗಿಲಿನಿಂದ ಬರುವಾಗ ಮೆಷಿನ್ನು ಮೂಲೆಯ ಕಡೆ ಬರುತ್ತಿರುವುದನ್ನು ನೋಡಿದರಂತೆ. ಕೋಲಿನ ಮೇಲೆ ನಮ್ಮ ಚೀಟಿ, ನಂಬರು ಬಿದ್ದಿದೆ, ಸಂಗ್ರಹಿಸಿದವರು ಎಂದು ಹತ್ತಿಯಣ್ಣನ ಹೆಸರಿದೆ. ಪಾಪ, ಮಗಳು ಬರುತ್ತಾಳೆಂದು ಸ್ಟೇಷನ್ನಿಗೆ ಹೋಗಿದ್ದಾರೆ, ಒಳಗೆ ತರಲು ಪುರುಸೊತ್ತಾಗಿಲ್ಲ, ಮೆಷಿನ್ನಿಗೆ ಸಿಕ್ಕಿದರೆ ಗತಿಯೇನು ಎಂದು ಉಪಕಾರಕ್ಕೆ ನಿಂತರು. ಕೈ ಹಾಕಿದರೆ ಹಕ್ಕಿ ಎದ್ದೇ ಇಲ್ಲವಂತೆ. ಹಣ್ಣು ಕಿತ್ತಷ್ಟು ಸುಲಭವಾಗಿ ಕೈಗೆ ಬಂತಂತೆ.

ನಾನು ಹೊರಗೆ ಬಂದಾಗ ಎಲ್ಲ ಮುಗಿದಿತ್ತು. ಹತ್ತಿಯಣ್ಣನ ಮೇಜಿನ ಮೇಲೆ ಒಂದು ತಟ್ಟೆ. ಅದರಲ್ಲಿ ಕಾಗದದಲ್ಲಿ ಸುತ್ತಿದ ಹಕ್ಕಿ, ಉಸಿರು ನಿಲ್ಲಿಸುವ ಔಷಧಿಯ ಡಬ್ಬಿಯಿಂದ ಆಗಷ್ಟೇ ತೆಗೆದದ್ದು. ಪಕ್ಕದಲ್ಲಿ ಹತ್ತಿಯ ಮೇಲೆ ನಾಲ್ಕು ಖಾಲಿ ಚಿಪ್ಪು ಒಣಗುತ್ತಿದ್ದವು. ನನ್ನ ಚೀಟಿಯೂ ಇತ್ತು, ದಾರ ಬಿಚ್ಚಿ ನೇರ ಮಾಡಿ ಇಟ್ಟಿದ್ದರು. ಮೇಷ್ಟ್ರು, ಒಳಗೆ ಮರಿ ಪೂರ್ತಿ ಬೆಳೆದಿತ್ತು, ಅದನ್ನು ತೆಗೆಯಲು ಚಿಪ್ಪಿನ ತೂತು ಸ್ವಲ್ಪ ದೊಡ್ಡದು ಮಾಡಬೇಕಾಯಿತು, ಹತ್ತಿಯಣ್ಣ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದರು. ನಾನು ಕಿಟಕಿಗೆ ಓಡಿದೆ.

ಹೊರಗೆ ನೋಡಿದೆ. ಅಪ್ಪ ಮಗಳು ಹಿಂದಿನ ಗೇಟಿನಿಂದ ಬರುತ್ತಿದ್ದರು. ಅವಳು ಅಪ್ಪನಷ್ಟೇ ಎತ್ತರವಾಗಿದ್ದಳು. ಹತ್ತಿಯಣ್ಣ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡ ಎಂದು ಸನ್ನೆ ಮಾಡುತ್ತಾ, ಸಣ್ಣ ಹುಡುಗನ ಹಾಗೆ ತುದಿಗಾಲಲ್ಲಿ ಮುಂದೆ ನಡೆದರು. ಮೂಲೆಯ ಹುಲ್ಲು ನಿಂತಿತ್ತು. ಕೋಲೂ ನಿಂತಿತ್ತು. ಅವರು ಬಾಗಿದರು. ಬಾಗಿದವರು ಎಷ್ಟು ಹೊತ್ತಾದರೂ ಏಳಲಿಲ್ಲ. ಆಮೇಲೆ ಕೋಲಿನ ತುದಿಯನ್ನು ಕೈಯಲ್ಲಿ ತಡವಿ, ಚೀಟಿ ಇಲ್ಲದ್ದನ್ನು ನೋಡಿ, ತಲೆಯೆತ್ತಿ ನಮ್ಮ ಕಿಟಕಿಯನ್ನು ನೋಡಿದರು.

ಒಳಗೆ ಬಂದು ತಟ್ಟೆಯ ಮುಂದೆ ನಿಂತರು. ಮೇಷ್ಟ್ರು ನಡೆದದ್ದನ್ನೆಲ್ಲ ಹೇಳುತ್ತಿದ್ದಂತೆ ಅವರಿಗೇ ವಿಷಯ ಅರ್ಥವಾಗಿ, ಮಾತು ಅರ್ಧಕ್ಕೇ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡಿತು. ಹತ್ತಿಯಣ್ಣ ಅವರ ಹೆಗಲು ತಟ್ಟಿ, ಹೋಗಿ ಊಟ ಮಾಡಿ ಮೇಷ್ಟ್ರೇ ಎಂದು ಕಳಿಸಿದರು. ನಾನು ಆಗ ಹೇಳಿದೆ, ಬರೆದವಳು ನಾನು, ಕೊಂದವಳು ನಾನು ಎಂದು.

"ನಾನೂ ಓದಿದೆನಲ್ಲಮ್ಮ," ಎಂದರು. "ಸರಿಯಾಗಿದೆ ಅಂದೆ."

ಹಕ್ಕಿ ಸತ್ತ ಮೇಲೆ ಬಹಳ ಹೊತ್ತು ಇಡುವ ಹಾಗಿಲ್ಲ, ಚರ್ಮ ಕೆಡುತ್ತದೆ. ಹತ್ತಿಯಣ್ಣ ಇಸ್ತ್ರಿ ಅಂಗಿಯ ತೋಳು ಮಡಿಚಿ, ಕೈ ತೊಳೆದು ಕೂತರು. ಮಗಳು ಆ ಸ್ಟೂಲನ್ನು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವರು ಹಕ್ಕಿಯನ್ನು ಬೆನ್ನ ಮೇಲೆ ಮಲಗಿಸಿ, ಹೊಟ್ಟೆಯ ಗರಿಗಳನ್ನು ಊದಿ ಬಿಡಿಸಿದರು. ನಡುವೆ ಗರಿಯೇ ಇಲ್ಲದ ಜಾಗ, ಕೆಂಪಗೆ, ಬೋಳಾಗಿ. ಕಾವು ಕೊಟ್ಟೂ ಕೊಟ್ಟೂ ಹಾಗಾಗುತ್ತದೆ ಎಂದು ಅವಳ ಬೆರಳು ಹಿಡಿದು ಅಲ್ಲಿಗೆ ಮುಟ್ಟಿಸಿದರು. ಇನ್ನೂ ಸ್ವಲ್ಪ ಬೆಚ್ಚಗಿದೆ ಎಂದಳು ಅವಳು.

ಕೊಯ್ದರು. ಅವರ ಕೈ ಯಾವತ್ತಿನ ಹಾಗೇ ಇತ್ತು. ಬೆನ್ನುಮೂಳೆಯ ಹತ್ತಿರ ಚಿಮಟಿಯಲ್ಲಿ ಸರಿಸಿ ತೋರಿಸಿದರು. ಅಕ್ಕಿಕಾಳಿನಂಥ ಎರಡು ಬಿಳಿ ಗಂಟು. ಗಂಡು. ಅವಳು ತನ್ನ ಚೀಲದಿಂದ ಕಣ್ಣು ನೋಡುವ ಭೂತಗನ್ನಡಿ ತೆಗೆದು ನೋಡಿದಳು. ದಿನವೂ ಜನರ ಕಣ್ಣು ನೋಡುವವಳ ನೋಟ ಅದು, ಅವಸರವಿಲ್ಲ. ಹತ್ತಿಯಣ್ಣ ಚಿಮಟಿ ಹಿಡಿದು ಕಾಯುತ್ತಿದ್ದರು.

"ಅಪ್ಪನೇ ಇದು," ಎಂದಳು. ಭೂತಗನ್ನಡಿ ಕೆಳಗಿಟ್ಟಳು. "ಕೈ ಹಾಕಿದಾಗ ಹಾರಿಹೋಗಬಹುದಿತ್ತಲ್ಲಪ್ಪ. ಯಾಕೆ ಹೋಗಲಿಲ್ಲ?"

"ಕೂತಿತ್ತಲ್ಲ ಮಗಳೇ."

ಅವಳು ಹಣೆಯನ್ನು ಅವರ ತೋಳಿಗೆ ಒತ್ತಿಕೊಂಡಳು. ಅತ್ತಳು. ಚಿಕ್ಕವಳಿದ್ದಾಗ ಸ್ಕೂಲಿನಿಂದ ಬಂದು ಅಳುತ್ತಿದ್ದಳಲ್ಲ, ಹಾಗೆಯೇ, ಸದ್ದಿಲ್ಲದೆ, ಭುಜ ಮಾತ್ರ ಅಲುಗುತ್ತಿತ್ತು. ಹತ್ತಿಯಣ್ಣ ರಕ್ತದ ಕೈ ಅವಳಿಗೆ ತಾಗಬಾರದೆಂದು ಎರಡು ಕೈಯನ್ನೂ ಗಾಳಿಯಲ್ಲಿ ಎತ್ತಿ ಹಿಡಿದಿದ್ದರು. ಇಷ್ಟು ವರ್ಷಕ್ಕೆ ಮಗಳು ಬಂದು ಒರಗಿದಾಗ ತಬ್ಬಿಕೊಳ್ಳುವುದಕ್ಕೂ ಆಗಲಿಲ್ಲ ಆ ಮನುಷ್ಯನಿಗೆ.

ಹೊಲಿಗೆ ಹಾಕುವ ಹೊತ್ತಿಗೆ ಹೊರಗಿನಿಂದ ಆ ಸದ್ದು ಕೇಳಿತು, ದೂರದ ಮೋಟಾರ್ ಬೈಕಿನ ಹಾಗೆ. ಹುಲ್ಲು ಕೊಯ್ಯುವವರು ಹೋಗಿಯಾಗಿತ್ತು. ಗೋಡೆಯಾಚೆಯ ಬಯಲಿನಲ್ಲಿ ಕಪ್ಪು ಕತ್ತಿನ ಹೆಣ್ಣು ಕೂಗುತ್ತಿತ್ತು. ಮಗಳು ತಲೆಯೆತ್ತಿ, ಅವಳಿಗೆ ಇದು ಗೊತ್ತಾಗುತ್ತದೆಯೇ ಎಂದು ಕೇಳಿದಳು. ಇಲ್ಲ, ಅವಳಿಗೆ ಯಾರು ಹೇಳುತ್ತಾರೆ, ಅವಳದ್ದೇನೂ ತಪ್ಪಿಲ್ಲ ಎಂದರು ಹತ್ತಿಯಣ್ಣ. ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದರು.

ಹೊಸ ಚೀಟಿ ಬರೆಯಬೇಕಿತ್ತು. ಇದನ್ನು ನಾನು ಬರೆಯಲಾರೆ ಎಂದೆ. ಪೆನ್ನನ್ನು ಮಗಳೇ ತೆಗೆದುಕೊಂಡಳು. ಸಂಗ್ರಹಿಸಿದವರು ಎಂಬಲ್ಲಿ ಮೇಷ್ಟ್ರ ಹೆಸರು ಬರೆಯಲೇ ಎಂದು ಕೇಳಿದಾಗ ಹತ್ತಿಯಣ್ಣ ಬೇಡ ಎಂದರು. ಚೀಟಿ ಬರೆಸಿದವನು ನಾನು, ಗುರುತು ನೆಟ್ಟವನು ನಾನು, ನನ್ನ ಹೆಸರೇ ಇರಲಿ ಎಂದರು. ಅವಳು ಬರೆದಳು. ಚೀಟಿ ತಿರುಗಿಸಿ ಹಿಂಬದಿಯಲ್ಲೂ ಏನೋ ಬರೆದು ತಾನೇ ಹಕ್ಕಿಯ ಕಾಲಿಗೆ ಕಟ್ಟಿದಳು.

ತಿಂಗಳ ಕೊನೆಗೆ ಹತ್ತಿಯಣ್ಣ ನಿವೃತ್ತರಾದರು. ಮಗಳು ತಿಂಗಳಿಗೊಮ್ಮೆ ಬರತೊಡಗಿದಳು. ಆ ಸುಖ ಅವರಿಗೆ ಎರಡೇ ವರ್ಷ ಸಿಕ್ಕಿದ್ದು. ಎದೆನೋವೆಂದು ಮಲಗಿದವರು ಒಂದು ಮಧ್ಯಾಹ್ನ ಹಾಗೇ ಹೋದರು. ಬದುಕಿದ ಮರಿಯನ್ನು ಅವರು ಕೊನೆಗೂ ನೋಡಲಿಲ್ಲ. ಹಿಂದಿನ ಅಂಗಳದಲ್ಲಿ ಆ ಹಕ್ಕಿ ಮತ್ತೆ ಗೂಡು ಮಾಡಲಿಲ್ಲ. ನನ್ನ ತಪ್ಪನ್ನು ಅವರು ಹೊಟ್ಟೆಗೆ ಹಾಕಿಕೊಂಡರು, ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ನನ್ನ ಕೆಲಸದ ಕೊನೆಯ ದಿನ ಹದಿನೇಳನೆಯ ಬೀರು ತೆಗೆದೆ. ಹಳೇ ಯಜಮಾನರ ನೂರ ಹನ್ನೆರಡು ಹಕ್ಕಿ, ನೂರ ಹನ್ನೆರಡು ಪ್ರಶ್ನೆ ಚಿಹ್ನೆ, ಎಲ್ಲ ನನ್ನ ಕೈಯವು. ತುದಿಯಲ್ಲಿ ಅವನು ಮಲಗಿದ್ದ, ಹೊಲಿಗೆ ಕಾಣದ ಹಾಗೆ. ಚೀಟಿ ತಿರುಗಿಸಿದೆ. ನಮ್ಮ ನಮೂನೆಯಲ್ಲಿ ಜಾಗವೇ ಇಲ್ಲದ ಮಾತನ್ನು ಅವಳು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದಳು: ಕಣ್ಣಾರೆ ನೋಡಿದ್ದೇನೆ. ಗಂಡು. ನಾಲ್ಕು ಮೊಟ್ಟೆಗಳ ಮೇಲೆ ಕೂತಿತ್ತು, ಕೈ ಹಾಕಿದಾಗಲೂ ಏಳಲಿಲ್ಲ.